ನೀರು ಮೊದಲೋ ಸಪ್ಪಳ ಮೊದಲೋ: ದೂರದ ಗ್ಯಾಲಕ್ಸಿಗೊಂದು ತಕರಾರು

ಮಾನ್ಯ ಗ್ಯಾಲಕ್ಸಿಯವರೇ,

ಆರುನೂರು ಕೋಟಿ ಜ್ಯೋತಿರ್ವರ್ಷಗಳ ಆಚೆ, ಒಡಲಲ್ಲೊಂದು ಕಪ್ಪುಕುಳಿಯನ್ನಿಟ್ಟುಕೊಂಡು ಸುಖವಾಗಿರುವ ತಮಗೆ ಜಮಖಂಡಿಯಿಂದ ನಮಸ್ಕಾರಗಳು. ಆ ಕುಳಿಯ ಅಂಚಿನಿಂದ ಚಿಮ್ಮುವ ತಮ್ಮ ಕಣಧಾರೆಗೆ ಹತ್ತೂ ದಿಕ್ಕುಗಳು ತೆರೆದಿದ್ದಾಗ್ಯೂ ತಾವು ಅದನ್ನು ನೇರವಾಗಿ ನಮ್ಮ ಕಡೆಗೇ ಗುರಿಯಿಟ್ಟಿದ್ದೀರಿ. ಈ ತಾಲೂಕಿಗೆ ಇಷ್ಟು ಗಮನ ಕೊಟ್ಟ ಇನ್ನೊಬ್ಬರನ್ನು ನಾನು ಕಾಣೆ.

ಕಳೆದ ಶ್ರಾವಣದಲ್ಲಿ ತಾವು ಗಾಮಾ ಕಿರಣಗಳಲ್ಲಿ ಒಮ್ಮೆಲೇ ಝಗ್ಗೆಂದಿರಿ. ಇಲ್ಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಹೆಂಡತಿ ರಾಜಶ್ರೀ ಎಂಟು ವರ್ಷಗಳಿಂದ ತಮ್ಮ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಾಳೆ. ಇಂಥ ಹೊಳಪು ಕುಳಿಯ ಬಳಿಯೇ ಹುಟ್ಟುತ್ತದೋ, ಧಾರೆ ಬಹುದೂರ ಹರಿದ ಮೇಲೋ ಎಂಬುದೊಂದೇ ಅವಳ ಪ್ರಶ್ನೆ. ಕೃಷ್ಣಾ ಹೊಳೆಯ ಹಿಪ್ಪರಗಿ ಬ್ಯಾರೇಜಿನ ಕೆಳಗಿನ ದಂಡೆಯಲ್ಲಿ ಬೆಳೆದವಳಿಗೆ ಉತ್ತರ ಗೊತ್ತೇ ಇತ್ತು: ಗೇಟು ಎತ್ತಿದ ಸುದ್ದಿ ಮೊದಲು, ನೀರು ಆಮೇಲೆ, ನಡುವಿನ ಹೊತ್ತಿನಲ್ಲಿ ಪಂಪ್‌ಸೆಟ್ಟನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಗಾಮಾ ಹೊಳಪೆಂದರೆ ಗೇಟಿನ ಸುದ್ದಿ, ಧಾರೆಯಲ್ಲಿ ಸಾಗುವ ಕಣಗಳ ಹೊಸ ಉಂಡೆ ಹಿಂದಿನಿಂದ ಬರುತ್ತದೆ ಎಂದು ಇಡೀ ಅಧ್ಯಾಯ ಬರೆದಿಟ್ಟು ಕಾದಳು.

ರೇಡಿಯೋ ದೂರದರ್ಶಕದ ಚಿತ್ರಗಳು ಬಂದವು. ಹೊಳಪಿಗಿಂತ ನಲವತ್ತು ದಿನ ಮೊದಲೇ ತಾವು ಉಂಡೆಯನ್ನು ಕುಳಿಯಿಂದ ಬಹುದೂರ ದಾಟಿಸಿಬಿಟ್ಟಿದ್ದಿರಿ. ಊಟಕ್ಕೆ ಬಂದಿದ್ದ ಮಾವ ಶಿದ್ರಾಮಪ್ಪನವರು ಚಿತ್ರ ನೋಡಿ, "ಗೇಟ್ ಎತ್ತಿದ್ದು ಫೋನಿನ್ಯಾಗ ಗೊತ್ತಾಗ್ತೈತವಾ, ಸಪ್ಪಳ ಬ್ಯಾರೆ. ನಿನ್ನ ಹೊಳಪು ಸಪ್ಪಳ ಇದ್ದಂಗ. ನೀರು ಬಂದು ಬ್ರಿಜ್ಜಿನ ಕಂಬಕ್ಕ ಬಡದಾಗನ ಸಪ್ಪಳ. ಅದು ಕೇಳೂದ್ರಾಗ ಮೋಟರ್ ಮುಳಗಿರ್ತೈತಿ" ಎಂದರು. ಎಂಟು ವರ್ಷ ಇದನ್ಯಾಕ ಹೇಳ್ಲಿಲ್ಲಪ್ಪಾ ಎಂದು ಮಗಳು ಕೇಳಿದ್ದಕ್ಕೆ, "ನೀ ಹೊಳಿ ಸುದ್ದಿ ಎಲ್ಲಿ ಕೇಳಿದಿ? ಬರೇ ಆಕಾಶದಾಗಿನ ಚಿಕ್ಕಿ ಸುದ್ದಿನ ಹೇಳತಿದ್ದಿ" ಎಂದು ರೊಟ್ಟಿ ಮುರಿದರು.

ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅವಳ ನೋಂದಣಿ ರದ್ದಾಗುತ್ತದೆ. ಆ ಒಂದು ಚಿತ್ರವನ್ನು ಬಿಟ್ಟುಬಿಟ್ಟರೆ ಅಧ್ಯಾಯ ಉಳಿಯುತ್ತದಲ್ಲ ಎಂದು ನಾನು ಸೂಚಿಸಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ವಿವರಿಸಲಾರೆ. ತಮ್ಮ ದೂರ ಆಗ ಅಷ್ಟೇನೂ ಹೆಚ್ಚೆನಿಸಲಿಲ್ಲ. ಆದಕಾರಣ ನಾನೇ ತಮ್ಮಲ್ಲಿ ಬಿನ್ನವಿಸುವುದೇನೆಂದರೆ, ತಾವು ದಯಮಾಡಿ ಆರುನೂರು ಕೋಟಿ ವರ್ಷಗಳ ಹಿಂದಿನ ಆ ಉಂಡೆಯ ನಿರ್ಗಮನವನ್ನು ಎರಡು ತಿಂಗಳು ಮುಂದೂಡಿರಬೇಕು, ಮತ್ತು ಹಾಗೆ ಮುಂದೂಡಿದ್ದನ್ನು ಶುಕ್ರವಾರದೊಳಗೆ ತಿಳಿಸಬೇಕು.

ತಮ್ಮ ಧಾರೆಗೆ ಎದುರಾಗಿಯೇ ನಿಂತಿರುವ ವಿಶ್ವಾಸಿ,
ಬಸವಕುಮಾರ
ಜಮಖಂಡಿ

ತಾ.ಕ.: ತಮ್ಮ ಉತ್ತರಕ್ಕೆ ಕಾಯದೆ ರಾಜಶ್ರೀ ಹಳೆಯ ಅಧ್ಯಾಯಕ್ಕೆ ಅಡ್ಡಗೆರೆ ಎಳೆದು, ಆ ಚಿತ್ರವನ್ನೇ ಮೊದಲ ಪುಟಕ್ಕಿಟ್ಟು, ಹೊಸದಾಗಿ ಬರೆಯತೊಡಗಿದ್ದಾಳೆ, ಮುಗಿಯುತ್ತದೋ ಇಲ್ಲವೋ ತಿಳಿಯದು. ಹಾಗಾಗಿ ನನ್ನ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ಮಾವನವರು ಮಾತ್ರ ಅಂದಿನಿಂದ ಪಂಪ್‌ಸೆಟ್ಟನ್ನು ಕೆಳಗಿಳಿಸಿಲ್ಲ. ಮೇಲಿನವರು ಝಗ್ಗೆನ್ನುವ ಹೊತ್ತಿಗೆ ನೀರು ಆಗಲೇ ಬಂದಿರುತ್ತದೆಂದು ಈಗ ವಿಜ್ಞಾನವೂ ಒಪ್ಪಿದೆಯಂತೆ.