ಗದಗಿನ ಗಾಡಿಯಲ್ಲಿ ಬಾಸಿಂಗ

ಅಕ್ಕನ ಮಗನ ಮದುವೆಗೆ ಬಾಸಿಂಗ ಒಯ್ಯುವುದು ಏನು ಮಹಾ ಕೆಲಸ ಎಂದೇ ನಾನು ತಿಳಿದಿದ್ದೆ. ಬೆಳಿಗ್ಗೆ ಕೊಪ್ಪಳದಲ್ಲಿ ರೈಲುಗಾಡಿ ಹತ್ತುವುದು, ಗದಗಿನಲ್ಲಿ ಇಳಿಯುವುದು, ಮಧ್ಯಾಹ್ನದ ಮುಹೂರ್ತಕ್ಕೆ ಸೋದರಮಾವನಾಗಿ ನನ್ನ ಕೈಯಿಂದಲೇ ವರನ ಹಣೆಗೆ ಕಟ್ಟುವುದು. ನನಗಿರುವವಳು ಒಬ್ಬಳೇ ಅಕ್ಕ, ಅವಳಿಗಿರುವವನು ಒಬ್ಬನೇ ಮಗ. ಈ ಮಾನ ಇನ್ನೊಮ್ಮೆ ನನ್ನ ಪಾಲಿಗೆ ಬರುವಂಥದ್ದಲ್ಲ.

ಕಿನ್ನಾಳದ ಚಿತ್ರಗಾರರು ಬೆಂಡಿನಲ್ಲಿ ಮಾಡಿ, ಮುತ್ತು ಪೋಣಿಸಿಕೊಟ್ಟ ಬಾಸಿಂಗದ ಬಣ್ಣ ಇನ್ನೂ ಒಣಗಿರಲಿಲ್ಲ. ಅದಕ್ಕಾಗಿ ಹೆಂಡತಿಯನ್ನು ಒಂದು ದಿನ ಮೊದಲೇ ಕಳಿಸಿ ನಾನು ಹಿಂದೆ ಉಳಿದೆ. ಹೊರಡುವಾಗ ಅವಳು ಎಚ್ಚರಿಸಿದಳು.

“ಲಡಾಯಿ ಸಲುವಾಗಿ ಡಬ್ಬಿ ಎಲ್ಲಾ ಸಿಪಾಯಿಗಳ ಕಡೆ ಹೋಗ್ಯಾವಂತ್ರಿ. ಗಾಡ್ಯಾಗ ಕಾಲಿಡಾಕ ಜಾಗಾ ಇರಾಂಗಿಲ್ಲ. ಹಸೀದಿದ್ರೂ ಇರಲಿ, ಈಗ ನನ್ನ ಕೈಯಾಗ ಕೊಡ್ರಿ.”

“ನಾನು ಲೆಕ್ಕದ ಮಾಸ್ತರ ಅದೀನಿ. ಒಂದು ಡಬ್ಬಿಗೆ ಎಷ್ಟು ಮಂದಿ ಹಿಡೀತಾರ ಅನ್ನೂದು ನನಗ ಗೊತ್ತೈತಿ. ನೀ ಸುಮ್ಮನ ನಡಿ.”

ಮರುದಿನ ಗಾಡಿ ಬಂತು. ಮೂರೇ ಡಬ್ಬಿ! ದಿನಾ ಗದಗಿನ ಪೇಟೆಗೆ ಹೋಗಿಬರುವ ಹತ್ತಿ ವ್ಯಾಪಾರಿಗಳು, ಬೆಣ್ಣೆ ಗಡಿಗೆಯ ಹೆಂಗಸರು, ಕೂಲಿಯವರು, ಎಲ್ಲರೂ ಆ ಮೂರರಲ್ಲೇ. ಬಾಗಿಲಿಗೆ ಮನುಷ್ಯರು ಜೋತುಬಿದ್ದಿದ್ದರು, ಆ ಮನುಷ್ಯರಿಗೆ ಮತ್ತೆ ಮನುಷ್ಯರು ಜೋತುಬಿದ್ದಿದ್ದರು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಬಾಗಿಲಲ್ಲಿದ್ದ ಕೆಂಪು ರುಮಾಲಿನ ಗೌಡರೊಬ್ಬರು ರಟ್ಟೆ ಹಿಡಿದು ಎಳೆದುಕೊಂಡದ್ದರಿಂದ ಒಳಗೆ ಬಂದೆ. ನನ್ನ ಒಂದು ಚಪ್ಪಲಿ ಬರಲಿಲ್ಲ.

ಬಾಸಿಂಗವನ್ನು ಎತ್ತಿ ಹಿಡಿದು ಕೈ ಸೋತವು. ಪಕ್ಕದಲ್ಲಿದ್ದ ಮುದುಕಿ, “ತಲಿಗೆ ಕಟ್ಟಿಕೋರಿ, ಇಲ್ಲಂದ್ರ ಪುಡಿ ಪುಡಿ ಆಗತೈತಿ” ಎಂದು ತಾನೇ ದಾರ ಬಿಗಿದಳು. ನನ್ನ ಬೋಳು ತಲೆಗೆ ಅದು ಚೆನ್ನಾಗಿಯೇ ಕೂತಿತು.

“ಈ ವಯಸ್ಸಿನಾಗ ಮದಿವಿ ಯಾಕ ಬೇಕಾಗಿತ್ರಿ ಯಜಮಾನ್ರ?” ಎಂದು ಯಾರೋ ಕೇಳಿದರು. ಡಬ್ಬಿಯೆಲ್ಲ ನಕ್ಕಿತು.

“ಮದಿಮಗ ಅಲ್ಲಪಾ, ಸೋದರಮಾವ ಅದೀನಿ. ಗದಗಿನಾಗ ಮುಹೂರ್ತ ಐತಿ.”

“ಹಂಗಾರ ಸೋದರಮಾವಗ ಜಾಗಾ ಬಿಡ್ರೋ” ಎಂದಳು ಮುದುಕಿ.

ಆಮೇಲೆ ನಡೆದದ್ದನ್ನು ನಾನು ಈಗಲೂ ನಂಬಲಾರೆ. ಬೆರಳು ತೂರದಿದ್ದ ಆ ಡಬ್ಬಿಯಲ್ಲಿ ಜನ ಉಸಿರು ಬಿಗಿಹಿಡಿದರು, ಒಬ್ಬರ ತೊಡೆಯ ಮೇಲೊಬ್ಬರು ಕೂತರು, ಮಕ್ಕಳನ್ನು ಸಾಮಾನಿನ ಹಲಗೆಗೆ ಏರಿಸಿದರು, ಆಚೆ ಕಡೆಯ ಕಿಟಕಿಯ ಪಕ್ಕ ನನಗೊಂದು ಜಾಗ ಮಾಡಿಕೊಟ್ಟರು. ನಾನು ಗಂಭೀರವಾಗಿ ಹೋಗಿ ಆಸೀನನಾದೆ.

ಬಾಗಿಲಿನಿಂದ ಎಷ್ಟು ದೂರ ಬಂದಿದ್ದೇನೆಂಬುದು ಗದಗು ಬಂದಾಗ ತಿಳಿಯಿತು. ಇಳಿಯುವವರಿಗಿಂತ ಹತ್ತುವವರೇ ಹೆಚ್ಚು. ನಾನು ಎದ್ದೆ, ಅಷ್ಟೇ. ಒಂದು ಹೆಜ್ಜೆಯೂ ಮುಂದೆ ಸಾಗಲಿಲ್ಲ. ಗಾಡಿ ಸೀಟಿ ಹೊಡೆಯಿತು.

“ಬಾಸಿಂಗಾನಾದ್ರೂ ಕೊಡ್ರಿ ಇತ್ಲಾಗ. ಎಲ್ಲಿ ಮುಟ್ಟಿಸಬೇಕು?” ಬಾಗಿಲಿನಿಂದ ಗೌಡರು ಕೂಗಿದರು.

“ಮಾರ್ಕೆಟ್ಟಿನ ಹಿಂದ, ಹಂದರ ಹಾಕಿದ ಮನೀರಿ” ಎಂದು ಬಿಚ್ಚಿ ಕೊಟ್ಟೆ.

ಅದು ತಲೆಗಳ ಮೇಲೆ ಕೈಯಿಂದ ಕೈಗೆ ಹೊರಟಿತು. ಜಾಗಕ್ಕಾಗಿ ಬೈದಾಡುತ್ತಿದ್ದವರು ಬೈಗುಳ ನಿಲ್ಲಿಸಿ ಕೈ ಎತ್ತಿದರು. ಗುರುತು ಪರಿಚಯವಿಲ್ಲದ ಅಷ್ಟು ಕೈಗಳನ್ನು ದಾಟಿಯೂ ಒಂದು ಮುತ್ತು ಉದುರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಗೌಡರು ಅದನ್ನು ಹಿಡಿದು ಕೆಳಗೆ ಜಿಗಿದರು, ಗಾಡಿ ನನ್ನನ್ನು ಹೊತ್ತು ಮುಂದೆ ನಡೆಯಿತು.

ಹುಬ್ಬಳ್ಳಿಯವರೆಗೆ ಆ ಡಬ್ಬಿ ನನ್ನನ್ನು ಬಿಡಲಿಲ್ಲ. ಮರಳಿ ಗದಗು ಮುಟ್ಟಿದಾಗ ಹೊತ್ತು ಇಳಿದಿತ್ತು, ಹಂದರದಲ್ಲಿ ಕೊನೆಯ ಪಂಕ್ತಿಯವರು ಉಣ್ಣುತ್ತಿದ್ದರು.

“ಬಾಸಿಂಗ ಯಾರು ಕಟ್ಟಿದ್ರಕ್ಕಾ?”

“ಮುಹೂರ್ತ ಮೀರಾಕತ್ತಿತ್ತು. ತಂದ ಗೌಡ್ರಿಗೇ ಕಟ್ರಿ ಅಂದ್ವಿ. ನಿನಗಂತ ತಂದ ರುಮಾಲಾನೂ ಅವರಿಗೇ ಸುತ್ತಿದ್ವಿ” ಎಂದಳು ಅಕ್ಕ.

ಹೆಂಡತಿ ನನ್ನನ್ನು ಮರೆಗೆ ಎಳೆದಳು. “ಬೀಗರು ನಿಮ್ಮನ್ನ ನೋಡಿದ್ದಿಲ್ಲ. ಆ ಗೌಡ್ರನ್ನ ಸೋದರಮಾವ ಅಂತ ತಿಳಿದಾರ. ಭಾಳ ಶಾಣ್ಯಾ ಮನುಷ್ಯಾ, ಹೇಳಿದ ಹೊತ್ತಿಗೆ ಬಂದಾನ ಅಂತ ಹೊಗಳಾಕತ್ಯಾರ. ನೀವೀಗ ಮುಂದ ಹೋಗಬ್ಯಾಡ್ರಿ.”

ನನಗೆ ಅಂಥ ಹೆಸರು ಬಂದದ್ದು ಅದೇ ಮೊದಲು. ಅದನ್ನು ಕೆಡಿಸಲು ಮನಸ್ಸಾಗದೆ ಹಿತ್ತಲಿಗೆ ಹೋಗಿ, ಅಡಿಗೆಯವರ ಸಾಲಿನಲ್ಲಿ ಎಲೆ ಹಾಕಿಸಿಕೊಂಡು ಉಂಡೆ.