ಪೂಜೆಯ ಕಲ್ಲಿಗೆ ಕರೆಂಟು

ದೇವರ ಮನೆಯ ಚಪ್ಪಡಿ ಕಲ್ಲಿನ ಗುಣವೇ ಬೆಚ್ಚಗಿರುವುದು ಎಂದು ಮಹಾಲಿಂಗಯ್ಯನವರು ಮದುವೆಯಾದ ದಿನದಿಂದ ನಂಬಿದ್ದರು. ಬೆಳಗಿನ ಜಾವ ಹೆಂಡತಿ ಗಂಗಾಂಬಿಕೆ ಅದರ ಮೇಲೆ ಕುಳಿತು ಲಿಂಗಪೂಜೆ ಮುಗಿಸಿ ಏಳುತ್ತಿದ್ದಳು. ಆಮೇಲೆ ಇವರು ಕೂರುತ್ತಿದ್ದರು. ಆಕೆ ಶಿವನ ಪಾದ ಸೇರಿ, ಮೊದಲ ಮಾಗಿಯ ಚಳಿ ಬಂದಾಗಲೇ ಅವರಿಗೆ ಕಲ್ಲಿನ ನಿಜವಾದ ಗುಣ ತಿಳಿದದ್ದು. ಕುಳಿತ ಕೂಡಲೇ ಮಂಡಿ ಹಿಡಿದುಕೊಂಡಿತು.

ಕಂಬಳಿ ಹಾಸಿ ನೋಡಿದರು. ಮಂಡಿಗೆ ಹಿತವಾಯಿತು, ಮನಸ್ಸಿಗೆ ಆಗಲಿಲ್ಲ. ಕಂಬಳಿ ಎಷ್ಟಾದರೂ ಕುರಿಯದು.

ಹೀಗಾಗಿ ಒಂದು ಬೆಳಿಗ್ಗೆ ಶಿರಾ ಗೇಟಿನಿಂದ ಎಲೆಕ್ಟ್ರಿಷಿಯನ್ ಖುರ್ಷಿದ್ ಪಾಷಾ ಸೈಕಲ್ಲಿನಲ್ಲಿ ಬಂದಿಳಿದ.

"ಕಲ್ಲು ಎತ್ತಿ, ಮರಳಿನ ಒಳಗೆ ಬಿಸಿ ತಂತಿ ಹಾಕೋದು ಅಯ್ನೋರೇ. ಗೋಡೆ ಮೇಲೆ ತರ್ಮೋಸ್ಟಾಟು. ಕಲ್ಲಿನ ಕೆಳಗೆ ಈ ಸೆನ್ಸರ್. ತಣ್ಣಗಾದ್ರೆ ತಾನೇ ಆನ್ ಮಾಡ್ತದೆ, ಬಿಸಿ ಆದ್ರೆ ತಾನೇ ಆಫ್ ಮಾಡ್ತದೆ."

"ಅದಕ್ಕೆ ಹೆಂಗಪ್ಪಾ ಗೊತ್ತಾಗೋದು?"

"ಹೆಂಡ್ತಿ ಇದ್ದಂಗೆ, ನಾವು ಹೇಳೋದೇ ಬೇಡ" ಎಂದ ಪಾಷಾ, ಕೂಡಲೇ ನಾಲಿಗೆ ಕಚ್ಚಿಕೊಂಡು ಹಾರೆ ಕೈಗೆತ್ತಿಕೊಂಡ.

ಹಾರೆಯ ಸದ್ದು ಗೋಡೆಯಾಚೆಯ ಕೊಲ್ಲಾಪುರಮ್ಮನಿಗೆ ಕೇಳಿಸಿತು. ಆಕೆಗೆ ಕೇಳಿಸಿದ್ದು ಬೀದಿಗೆಲ್ಲ ಕೇಳಿಸಿದಂತೆಯೇ. ಅಯ್ನೋರ ದೇವರ ಮನೆಯಲ್ಲಿ ನಿಧಿ ಸಿಕ್ಕಿದೆ ಎಂಬ ಸುದ್ದಿ ಹರಡಿ, ಎದುರು ಮನೆಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯ ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದರು. ನಿಧಿಯ ಬದಲು ಮರಳು ಕಂಡು, ಆ ಕೋಪವನ್ನು ಗೋಡೆಯ ಮೇಲಿನ ಪೆಟ್ಟಿಗೆಯ ಕಡೆ ತಿರುಗಿಸಿದರು.

"ಇದನ್ನ ಎಲ್ಲಿಂದ ತಂದೆಯೋ ಪಾಷಾ?"

"ಗುಬ್ಬಿ ಕೋಳಿ ಫಾರಮ್ಮಿಂದ. ಮರಿ ಮಾಡೋ ಪೆಟ್ಟಿಗೇದು. ಹೊಸಾದೇ ಸ್ವಾಮಿ, ಒಂದು ಮೊಟ್ಟೇನೂ ಕಂಡಿಲ್ಲ."

"ಶಿವಶಿವಾ! ಲಿಂಗದ ಮುಂದೆ ಕೋಳಿ ಯಂತ್ರಾನಾ?"

"ಕಾವು ಕೊಡೋದು ಪಾಪ ಅಲ್ಲ, ಬಿಡಿ" ಎಂದರು ಮಹಾಲಿಂಗಯ್ಯ.

ತಂತಿ ಹಾಸಿಯಾಯಿತು, ಸೆನ್ಸರನ್ನೂ ಹೂತದ್ದಾಯಿತು. ಆಗ ಪಾಷಾ ಕೇಳಬಾರದ ಪ್ರಶ್ನೆ ಕೇಳಿದ.

"ಎಷ್ಟು ಡಿಗ್ರಿಗೆ ಇಡ್ಲಿ?"

ಮಹಾಲಿಂಗಯ್ಯನವರು ಯೋಚಿಸಿ ಹೇಳಿದರು: "ಮನುಷ್ಯರು ಕೂತು ಎದ್ದು ಹೋದಷ್ಟು."

ಆ ಗುರುತು ಪೆಟ್ಟಿಗೆಯಲ್ಲಿ ಇರಲಿಲ್ಲ. "ಅದಕ್ಕೇನಂತೆ, ನಾನು ಕೂತು ಏಳ್ತೀನಿ, ಮುಟ್ಟಿ ನೋಡಿ ಹೇಳು" ಎಂದು ಸದಾಶಿವಯ್ಯ ಪಕ್ಕದ ಕಲ್ಲಿನ ಮೇಲೆ ಕೊಬ್ಬರಿ ಮೂಟೆಯಂತೆ ಕುಸಿದರು. ಎದ್ದ ಮೇಲೆ ಮಹಾಲಿಂಗಯ್ಯ ಅಂಗೈ ಊರಿ ಮುಖ ಕಿವುಚಿದರು.

"ರೊಟ್ಟಿ ಹಂಚು ಕಣಯ್ಯಾ ಇದು."

ಕೊಲ್ಲಾಪುರಮ್ಮ ಸೆರಗು ಸಿಕ್ಕಿಸಿಕೊಂಡು ಕೂತೆದ್ದಳು.

"ಇದು ಬಾವಿಕಟ್ಟೆ."

"ಹಂಗಾದ್ರೆ ನನ್ನ ಮೈಯಲ್ಲಿ ರಕ್ತ ಹರೀತಿಲ್ವಾ? ಬೆಳಗಿಂದ ಎರಡು ಸಲ ಒಲೆ ಮುಂದೆ ಕೂತಿದೀನಿ!"

"ಮುನಿಸ್ಕೋಬೇಡಮ್ಮಾ. ಅವಳ ಬಿಸುಪೇ ಬೇರೆ. ಸಾವಿರ ಜನ ಕೂತು ಎದ್ರೂ ನಾನು ಗುರುತು ಹಿಡೀತೀನಿ."

ಮಧ್ಯಾಹ್ನದವರೆಗೆ ಬೀದಿಯವರೆಲ್ಲ ಕೂತರು, ಎದ್ದರು. ಒಬ್ಬರದೂ ಒಪ್ಪಿಗೆಯಾಗಲಿಲ್ಲ. ಒಪ್ಪಿಗೆಯಾಗದವರು ಒಬ್ಬೊಬ್ಬರಾಗಿ ಗೊಣಗುತ್ತ ಮನೆಗೆ ಹೋದರು. "ನೀನೇ ನೋಡಿ ಇಡಪ್ಪಾ" ಎಂದು ಪಾಷಾನಿಗೆ ಹೇಳಿ, ಮಹಾಲಿಂಗಯ್ಯನವರು ಸಂಜೆಯ ಪೂಜೆಗಾಗಿ ಸ್ನಾನಕ್ಕೆ ಹೋದರು. ಅವರ ಸ್ನಾನವೆಂದರೆ ನೀರಿಗಿಂತ ನಾಮಸ್ಮರಣೆಯೇ ಹೆಚ್ಚು. ಹೊರಗೆ ಬರುವಾಗ ಬಿಸಿಲು ಇಳಿದಿತ್ತು. ಕಲ್ಲು ಸ್ವಸ್ಥಾನದಲ್ಲಿತ್ತು. ಪಾಷಾ ಕಾಣಲಿಲ್ಲ.

ಅವರು ಬಗ್ಗಿ ಅಂಗೈ ಇಟ್ಟರು. ಇಟ್ಟ ಕೈಯನ್ನು ತೆಗೆಯಲಿಲ್ಲ.

ಅದೇ ಬಿಸುಪು. ಹೆಚ್ಚಿಲ್ಲ, ಕಡಿಮೆಯಿಲ್ಲ. ಆಗಷ್ಟೇ ಎದ್ದು ಹೂವಿನ ಬುಟ್ಟಿ ಒಳಗಿಡಲು ಹೋದವಳ ಹಾಗೆ.

"ಸದಾಶಿವಾ! ಕೊಲ್ಲಾಪುರಮ್ಮಾ! ಬನ್ನಿ ಬನ್ನಿ! ಇದೇ ಕಣ್ರೀ, ನಮ್ಮ ಗಂಗಾಂಬಿಕೇದು!"

ಮುನಿದು ಹೋದವರೆಲ್ಲ ಬಂದರು. ಅಯ್ನೋರ ಕಣ್ಣೀರು ಕಂಡು ಯಾರೂ ನಗಲಿಲ್ಲ. ಸದಾಶಿವಯ್ಯ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕೊಲ್ಲಾಪುರಮ್ಮ "ನನ್ನ ತಾಯೀ, ಮಹಾಶಿವಶರಣೆ" ಎಂದು ಉದ್ದಕ್ಕೆ ಅಡ್ಡಬಿದ್ದು, ಹಣೆಯನ್ನು ಕಲ್ಲಿಗೆ ತಾಗಿಸಿದಳು.

ಅಷ್ಟರಲ್ಲಿ ಸೈಕಲ್ ಗಂಟೆ ಕೇಳಿಸಿತು. ಪಾಷಾ ಒಳಗೆ ಬಂದ.

"ಪಾಷಾ, ನಿನ್ನ ಕೈಗೆ ಬಂಗಾರದ ಕಡಗ ಹಾಕ್ಬೇಕು ಕಣಯ್ಯಾ! ಎಷ್ಟಕ್ಕೆ ಇಟ್ಟೆ? ಹಂಗೇ ಇರ್ಲಿ, ಮುಟ್ಟಬೇಡ!"

ಪಾಷಾ ಎಲ್ಲರ ಮುಖವನ್ನೂ ನೋಡಿದ. "ಎಲ್ಲಿ ಇಟ್ಟೆ ಅಯ್ನೋರೇ? ಇನ್ನೂ ಕರೆಂಟೇ ಕೊಟ್ಟಿಲ್ಲ. ತರ್ಮೋಸ್ಟಾಟಿನ ಸ್ಕ್ರೂ ಕಳೆದೋಗಿತ್ತು, ತರೋಕೆ ಈಗ ತಾನೇ ಅಂಗಡಿಗೆ ಹೋಗಿದ್ದೆ."

"ಮತ್ತೆ... ಕಲ್ಲು ಬೆಚ್ಚಗಿದೆಯಲ್ಲಾ?"

"ಮರಳಿನ ಮೇಲೆ ಅಲ್ಲಾಡ್ತಿತ್ತು. ಭಾರ ಬಿದ್ದು ಸರಿಯಾಗಿ ಕೂರಲಿ ಅಂತ, ನೀವು ಸ್ನಾನಕ್ಕೆ ಹೋದಾಗಿಂದ ನಾನೇ ಅದರ ಮೇಲೆ ಕೂತಿದ್ದೆ."

ಸದಾಶಿವಯ್ಯ ಕಣ್ಣಿಗೆ ಒತ್ತಿಕೊಂಡಿದ್ದ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡರು. ಕೊಲ್ಲಾಪುರಮ್ಮ ಹಣೆ ಮುಟ್ಟಿ ನೋಡಿಕೊಂಡಳು.

"ಅಯ್ಯಯ್ಯೋ, ಸಾಬ್ರು ಕೂತಿದ್ದ ಜಾಗಕ್ಕಾ ನಾನು ಅಡ್ಡಬಿದ್ದಿದ್ದು!" ಎಂದವಳೇ ಹಿತ್ತಿಲಿಗೆ ಓಡಿದಳು.

"ಬೇಡಮ್ಮಾ, ಬೇಡ!" ಎಂದು ಮಹಾಲಿಂಗಯ್ಯನವರು ಕೂಗುವಷ್ಟರಲ್ಲಿ ಬಾವಿಯ ನೀರು ಬಕೆಟ್ಟಿನ ಸಮೇತ ಬಂದು ಕಲ್ಲಿನ ಮೇಲೆ ಬಿತ್ತು. ನೀರು ಸಂದಿಯಲ್ಲಿ ಗುಳುಗುಳು ಇಳಿಯಿತು.

"ಈಗ ಮಡಿಯಾಯ್ತು" ಎಂದಳು ಆಕೆ.

"ಸೆನ್ಸರೂ ಮಡಿದಂಗೇ" ಎಂದ ಪಾಷಾ, ಮೊಣಕಾಲೂರಿ ನೋಡುತ್ತ. "ಮರಳೆಲ್ಲಾ ನೆನೆದೋಯ್ತು. ಇನ್ನು ಇದಕ್ಕೆ ಕರೆಂಟು ಕೊಟ್ರೆ ಅಯ್ನೋರು ನೇರ ಕೈಲಾಸಕ್ಕೇ."

ಜನ ಒಬ್ಬೊಬ್ಬರಾಗಿ ಜಾರಿದರು. ಪಾಷಾ ಗೋಡೆಯ ಪೆಟ್ಟಿಗೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡ. ಮಹಾಲಿಂಗಯ್ಯನವರು ಬಾಗಿಲವರೆಗೂ ಹೋದರು. ಏನೋ ಕೇಳಬೇಕೆಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡರು.

"ನಾಳೆ ಬೆಳಿಗ್ಗೆ ಬೇಗ ಬರ್ತೀಯೇನಪ್ಪಾ?"

"ಬೇರೆ ತಂತಿ ತರ್ಬೇಕು ಅಯ್ನೋರೇ..."

"ತಂತಿ ಬೇಡ. ಸುಮ್ನೆ ಬಾ."

ಪಾಷಾನಿಗೆ ಅರ್ಥವಾಯಿತು. "ನಾಳೆಯಿಂದ ಮಾರ್ಕೋನಹಳ್ಳಿ ಡ್ಯಾಮಿನ ಹತ್ರ ಕೆಲಸ ಒಪ್ಕೊಂಡಿದೀನಿ ಅಯ್ನೋರೇ. ಕುಣಿಗಲ್ಲಲ್ಲೇ ಇರ್ಬೇಕು, ಯುಗಾದಿವರೆಗೆ" ಎಂದು ಪೆಡಲ್ ತುಳಿದ.

ಮಹಾಲಿಂಗಯ್ಯನವರು ಒಳಗೆ ಬಂದು ದೀಪ ಹಚ್ಚಿದರು. ವಿಭೂತಿ ಧರಿಸಿ, ಒದ್ದೆ ಕಲ್ಲಿನ ಮೇಲೆ ಹಲ್ಲು ಕಚ್ಚಿ ಕುಳಿತರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

ಪೂಜೆ ಮುಗಿಸಿ ಎದ್ದಾಗ ಕಲ್ಲು ಬೆಚ್ಚಗಾಗಿತ್ತು. ಕೂರುವವರು ಯಾರೂ ಇರಲಿಲ್ಲ.