ಏನೂ ಮಾಡುವುದಿಲ್ಲವೆಂದು ಮಾತು ಕೊಟ್ಟ ಭಾವ

ಚುನಾವಣೆಗೆ ನಿಲ್ಲುವವರೆಲ್ಲ ಗೆದ್ದರೆ ಅದು ಮಾಡುತ್ತೇನೆ, ಇದು ಮಾಡುತ್ತೇನೆ ಎನ್ನುತ್ತಾರೆ. "ಗೆದ್ದರೆ ನಾನು ಏನೂ ಮಾಡುವುದಿಲ್ಲ" ಎಂದು ಮುಖಕ್ಕೇ ಹೇಳಿದ ಅಭ್ಯರ್ಥಿ ಇಡೀ ಕರ್ನಾಟಕದಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅಕ್ಕನ ಗಂಡ! ಸುಮ್ಮನೆ ಹೇಳಿದ್ದಲ್ಲ, ಅನುಭವ ಇತ್ತು. ಮದುವೆಯಾದಂದಿನಿಂದ ಮನೆಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತ ಬಂದವರು.

ಭಾವನ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅವರಿಗೆ ಬೇಸರವಾದೀತು ಎಂದಲ್ಲ, ಸಂತೋಷವಾಗಿಬಿಡುತ್ತದೆ.

ದೋಹಾದ ಒಂದು ಕಟ್ಟಡ ಕಂಪನಿಯಲ್ಲಿ ಅವರು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಗಳಿಗೆ, ಪತ್ರಗಳಿಗೆ ಸೀಲು ಹೊಡೆಯುವ ಕೆಲಸ. ಅವರ ಸೀಲು ಬೀಳದೆ ಒಂದು ಕಕ್ಕಸಿನ ನಕ್ಷೆಯೂ ಸೈಟಿಗೆ ಹೋಗುವಂತಿರಲಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಸೀಲು ಹೊಡೆದು, ಕಾರು ಹತ್ತಿದ ಕೂಡಲೇ ಫೋನಿನಲ್ಲಿ ಯಾರೋ ಬಿಳಿಯರ ಭಾಷಣ ಹಾಕಿಕೊಳ್ಳುತ್ತಿದ್ದರು: ಜಗತ್ತಿನಲ್ಲಿ ಸೀಲುಗಳೇ ಇರಬಾರದು ಎಂದು! ಈ ವಿಚಾರಕ್ಕೆ ಲಿಬರ್ಟೇರಿಯನ್ ಎಂಬ ಹೆಸರಂತೆ. ಇಲ್ಲಿಯ ರಜಾದಿನವಾದ ಶುಕ್ರವಾರ ಇಗರ್ಜಿಯ ಪೂಜೆ ಮುಗಿದು ಹೊರಗೆ ನಿಂತಿದ್ದಾಗ ಭಾವ ಇದನ್ನು ವಿವರಿಸುತ್ತಿದ್ದರು. ನಮ್ಮ ಊರಿನ ಹೆಂಗಸೊಬ್ಬರು ಗಾಬರಿಯಿಂದ ನನ್ನ ಮೊಣಕೈ ಹಿಡಿದರು. "ನಿನ್ನ ಭಾವ ಇಗರ್ಜಿ ಬಿಟ್ಟನಾ ಹೇಗೆ?"

ಇಗರ್ಜಿ ಬಿಟ್ಟಿರಲಿಲ್ಲ. ಊರಿನಲ್ಲಿ ಕಟ್ಟಿಸುತ್ತಿದ್ದ ಮನೆಯ ಕಾಂಪೌಂಡ್ ಗೋಡೆಗೆ ಅನುಮತಿ ಕೇಳಿ, ಒಂದು ಇಡೀ ರಜೆಯನ್ನು ಕಚೇರಿಯ ಬೆಂಚಿನ ಮೇಲೆ ಕಳೆದು ಬಂದಿದ್ದರು, ಅಷ್ಟೆ. ಆ ರಜೆಯಲ್ಲಿ ಅಕ್ಕ ತವರಿಗೆ ಒಬ್ಬಳೇ ಹೋದಳು, ಮದುವೆಗಳಿಗೆ ಒಬ್ಬಳೇ ಹೋದಳು. ವಾಪಸು ಬರುವಾಗ ವಿಮಾನದಲ್ಲಿ ಭಾವ ಹೇಳಿದರಂತೆ: "ನಾನೇ ಎಂಎಲ್ಎ ಆಗ್ತೇನೆ. ಆಗಿ ಎಲ್ಲರನ್ನೂ ಅವರವರ ಪಾಡಿಗೆ ಬಿಡ್ತೇನೆ." ಅಕ್ಕ ಆಗ ಊಟದ ಟ್ರೇಯ ಮುಚ್ಚಳ ತೆಗೆಯುತ್ತಿದ್ದಳು. ತಮಾಷೆ ಎಂದುಕೊಂಡಳು. ಪಾಪ.

ಪ್ರಚಾರದ ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಕಾನ್ವೆಂಟಿನಲ್ಲಿ ಕನ್ನಡ ಕಲಿಸುತ್ತಿದ್ದ ಸಿಸ್ಟರ್ ಒತ್ತಕ್ಷರ ತಪ್ಪಿದರೆ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಕೊಡುತ್ತಿದ್ದರು. ಆ ಭಯಕ್ಕೆ ಇವತ್ತಿಗೂ ನನ್ನ ದಿನಸಿ ಚೀಟಿಯಲ್ಲಿ ಕೂಡ ಕೊತ್ತಂಬರಿಯ ಒತ್ತು ತಪ್ಪುವುದಿಲ್ಲ. ಭಾವ ಅಕ್ಕನ ಜೊತೆ ದೋಹಾದ ನಮ್ಮ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿಗೆ ಬಂದು, ಊಟದ ಮೇಜಿಗೆ ಕೈಯೂರಿ, ಅಭ್ಯರ್ಥಿಯ ಪರಿಚಯ ಹೇಳಿಕೊಟ್ಟರು.

"ಬರ್ಕೊ ಮಾರಾಯ್ತಿ. ಯಾರ ಹಂಗೂ ಇಲ್ಲದೆ ಸ್ವಂತ ಕಾಲಿನ ಮೇಲೆ ಬೆಳೆದವರು."

"ಭಾವ, ನಿಮಗೆ ಇಲ್ಲಿಗೆ ವೀಸಾ ಕಳಿಸಿದ್ದು ನಮ್ಮ ದೊಡ್ಡಪ್ಪ ಅಲ್ಲವಾ?"

"ಅದು ಬರೆಯುವುದು ಬೇಡ."

"ಕಾಲೇಜು ಓದಿದ್ದು ಸರಕಾರಿ ಕಾಲೇಜಿನಲ್ಲಿ ಎಂದು ಹಾಕಲಾ?"

"ಅದೂ ಬೇಡ."

"ಪುಸ್ತಕಕ್ಕೆ ಇಗರ್ಜಿಯವರು ಸಹಾಯ ಮಾಡಿದ್ದು..."

"ಪರಿಚಯ ಅಂದ್ರೆ ಚಿಕ್ಕದಿರಬೇಕು ಮಾರಾಯ್ತಿ!"

ಕೊನೆಗೆ ಪರಿಚಯದಲ್ಲಿ ಉಳಿದದ್ದು ಅವರ ಹುಟ್ಟಿದೂರು ಮತ್ತು ರಕ್ತದ ಗುಂಪು.

ನೀತಿಗಳು ಮಾತ್ರ ಧಾರಾಳವಾಗಿದ್ದವು. ಹೆಲ್ಮೆಟ್ ಕಡ್ಡಾಯ ಬೇಡ, ತಲೆ ಅವರವರದ್ದು. ಮನೆಯಲ್ಲಿ ದ್ರಾಕ್ಷಾರಸ ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮೀನು ಮಾರುವ ಹೆಂಗಸಿಗೆ ಲೈಸೆನ್ಸ್ ಬೇಡ. ಉಚಿತ ಬಸ್ಸು ಬೇಡ, ಉಚಿತ ಅಕ್ಕಿ ಬೇಡ, ಪುಕ್ಕಟೆ ಯಾವುದೂ ಬೇಡ. ಇದನ್ನು ಹೇಳುವಾಗ ಅವರ ಎದುರಿಗಿದ್ದ ಅಕ್ಕಿಯ ಸಾನ್ನ, ಕೋಳಿ ಸಾರು ಎರಡೂ ಪುಕ್ಕಟೆಯೇ ಆಗಿದ್ದವು. ನಾನು ಬಾಯಿ ಬಿಡಲಿಲ್ಲ. ಬಿಟ್ಟವಳು ಅಕ್ಕ.

"ರಸ್ತೆ ಯಾರು ಮಾಡುದು ಹಾಗಾದ್ರೆ?"

"ಯಾರು ಉಪಯೋಗಿಸ್ತಾರೋ ಅವರೇ ಮಾಡಿಕೊಳ್ಬೇಕು. ಅದೇ ಸ್ವಾತಂತ್ರ್ಯ."

"ಸರಿ. ತಟ್ಟೆ ಯಾರು ಉಪಯೋಗಿಸ್ತಾರೋ ಅವರೇ ತೊಳೆಯುವಾ."

"ಅದು ಮನೆಯ ವಿಷಯ. ಇದು ತತ್ತ್ವ!"

ತತ್ತ್ವ ತಟ್ಟೆಯನ್ನು ಅಲ್ಲೇ ಬಿಟ್ಟು ಸೋಫಾಕ್ಕೆ ಹೋಗಿ ಕೂತಿತು. ಅಕ್ಕ ತೊಳೆದಳು.

ಪ್ರಚಾರ ಸಭೆಯೂ ನಮ್ಮ ಮನೆಯಲ್ಲೇ ಆಯಿತು. ನೀವು ಕೇಳಬಹುದು, ಮತದಾರರು ಊರಿನಲ್ಲಿ, ಸಭೆ ದೋಹಾದಲ್ಲೇಕೆ? ಭಾವನ ಉತ್ತರ ಸಿದ್ಧವಿತ್ತು: ನಮ್ಮ ಕ್ಷೇತ್ರದ ಬುದ್ಧಿವಂತರೆಲ್ಲ ಇಲ್ಲೇ ಇದ್ದಾರೆ. ಅದೂ ನಿಜವೇ. ಊರಿನ ಬೇಕರಿಯವರ ಅಳಿಯ ಬಂದ, ಗ್ಯಾರೇಜಿನ ಶೆಟ್ಟರು ಬಂದರು, ಭಾವನ ಶಾಲೆಯ ಬೆಂಚಿನ ಜೊತೆಗಾರರೆಲ್ಲ ಬಂದರು. ಕೂರಲು ಕುರ್ಚಿ ಸಾಲದೆ ನನ್ನ ಇಸ್ತ್ರಿ ಮೇಜಿನ ಮೇಲೂ ಒಬ್ಬರು ಕೂತರು, ಅದು ಇವತ್ತಿಗೂ ಒಂದು ಕಡೆಗೆ ವಾಲುತ್ತದೆ. ಸರಕಾರ ಎಂಬುದೇ ಒಂದು ದಬ್ಬಾಳಿಕೆ ಎಂದು ಭಾವ ಗುಡುಗುವಾಗ ಕಾರಿಡಾರಿನಲ್ಲಿ ಯಾರದೋ ಹೆಜ್ಜೆ ಸದ್ದು ಕೇಳಿತು. ಗುಡುಗು ಅಲ್ಲೇ ಪಿಸುಮಾತಾಯಿತು. "ಊರಿನದ್ದು, ನಾನು ಹೇಳುದು ಊರಿನ ಸರಕಾರದ್ದು" ಎಂದು ಗೋಡೆಗೆ ಕೇಳಿಸುವ ಹಾಗೆ ಎರಡು ಸಲ ಹೇಳಿದರು. ಬಂದದ್ದು ಪಕ್ಕದ ಮನೆಗೆ ನೀರಿನ ಬಾಟಲಿ ತಂದವನು.

ಕೊನೆಗೆ "ನನ್ನ ಬೆಂಬಲಕ್ಕೆ ಯಾರ್ಯಾರಿದ್ದೀರಿ?" ಎಂದಾಗ ಎಲ್ಲರ ಕೈಯೂ ಮೇಲೆ ಹೋಯಿತು. ಬಿರಿಯಾನಿ ಇನ್ನೂ ಬಡಿಸಿರಲಿಲ್ಲ.

ಇಲ್ಲಿಯವರೆಗೆ ನಕ್ಕೆವು. ನಾನೂ ನಕ್ಕೆ. ಮುಂದಿನ ಕತೆಯನ್ನೂ ನಗುತ್ತಲೇ ಹೇಳಬೇಕು ಎಂದು ಕೂತಿದ್ದೇನೆ, ನೋಡುವಾ.

ಒಂದು ಸಂಜೆ ಅಲ್ ಮುಂತಜಾದಲ್ಲಿದ್ದ ಅಕ್ಕನ ಮನೆಯಲ್ಲಿ ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಮುಗಿಸಿ ಊಟಕ್ಕೆ ಕೂತಿದ್ದೆವು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತ ಭಾವ ಹೇಳಿದರು: "ಇವತ್ತು ರಾಜೀನಾಮೆ ಕೊಟ್ಟೆ. ಖಲಾಸ್." ಬಚ್ಚಲಿನ ಬಲ್ಬು ಬದಲಿಸಿದೆ ಎನ್ನುವ ದನಿಯಲ್ಲಿ!

ಅಕ್ಕ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. "ನನ್ನ ಹತ್ರ ಒಂದು ಮಾತು ಕೇಳಿದ್ರಾ?"

"ಕೇಳುದೆಂತ? ನನ್ನ ಕೆಲಸ, ನನ್ನ ನಿರ್ಧಾರ. ನಿನ್ನ ನಿರ್ಧಾರ ನೀನು ಮಾಡು. ನೀನೂ ಸ್ವತಂತ್ರಳು."

ಸ್ವತಂತ್ರಳಂತೆ! ಈ ದೇಶದಲ್ಲಿ ನಮ್ಮಂಥ ಹೆಂಡಂದಿರ ವಾಸದ ಪರವಾನಗಿ ಗಂಡನ ಹೆಸರಿಗೆ ಅಂಟಿಕೊಂಡಿರುತ್ತದೆ. ಅವನ ಕೆಲಸ ಹೋದರೆ ನಮ್ಮ ವಾಸವೂ ಹೋಗುತ್ತದೆ. ಅಕ್ಕ ಇಲ್ಲಿಯ ಒಂದು ಶಾಲೆಯಲ್ಲಿ ಕೆಜಿ ಮಕ್ಕಳಿಗೆ ಟೀಚರು. ಊರಿನಲ್ಲಿ ಡಿಗ್ರಿ ಮುಗಿಸಿ ಕೂತಿದ್ದವಳು ಇಲ್ಲಿ ಬಂದು ಟ್ರೈನಿಂಗ್ ಮಾಡಿ, ಹಠ ಹಿಡಿದು ಸಂಪಾದಿಸಿದ ಕೆಲಸ ಅದು. ಆ ಕೆಲಸವೂ, ಮನೆಯೂ, ಬೆಳಗ್ಗೆ ಬಸ್ಸಿನಿಂದಿಳಿದು ಅವಳ ಸೀರೆಗೆ ಜೋತು ಬೀಳುವ ಮಕ್ಕಳೂ ಉಪ್ಪಿನಕಾಯಿ ಮುಚ್ಚಳ ತಿರುಗಿಸುವಷ್ಟರಲ್ಲಿ ಕೈತಪ್ಪುವ ಹಾಗಾದವು. ಹೆಲ್ಮೆಟ್ ಹಾಕುವವನ ತಲೆಯ ಒಪ್ಪಿಗೆ ಕೇಳಬೇಕು ಎಂದು ಕರಪತ್ರ ಬರೆಸಿದ ಮನುಷ್ಯ ಹೆಂಡತಿಯ ಒಪ್ಪಿಗೆ ಕೇಳಲಿಲ್ಲ. ಆ ಕರಪತ್ರ ಬರೆದದ್ದು ನಾನೇ, ಒಂದು ಒತ್ತಕ್ಷರವೂ ತಪ್ಪದ ಹಾಗೆ!

ಅಕ್ಕ ಅಳಲಿಲ್ಲ. ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಶಾಲೆಯ ಹೆಸರಿನಲ್ಲೇ ತನಗೆ ವೀಸಾ ಮಾಡಿಕೊಡಬೇಕೆಂದು ಕೇಳಿದಳು. ಹಾಗೆ ಮಾಡಲು ದಾರಿ ಇದೆಯಂತೆ, ಆದರೆ ಬೇಗ ಆಗುವುದಿಲ್ಲವಂತೆ. ಆಗುವವರೆಗೆ ಅವಳು ಬಿಸಿ ಗಂಜಿಗೆ ಹಾಕಿದ ತುಪ್ಪದ ಹಾಗೆ ಸದ್ದು ಮಾಡದೆ ಕರಗುತ್ತಿದ್ದಳು. ಫೋನು ಬಂದಾಗಲೆಲ್ಲ ಎದ್ದು ನಿಂತೇ ಮಾತಾಡುತ್ತಿದ್ದಳು. ಕೊನೆಗೆ ಆಯಿತು. ಅಲ್ ಮುಂತಜಾದ ಮನೆ ಬಿಡುವ ದಿನ ನಾನೂ ಹೋಗಿದ್ದೆ. ಅಲ್ತಾರಿನ ದೇವರ ಪಟದ ಚೌಕಟ್ಟು ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದಿತ್ತು. ಪರದೆಯ ಕೊಕ್ಕೆಗಳನ್ನು ಅಕ್ಕ ಒಂದೊಂದಾಗಿ ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಭಾವ ಆ ಹೊತ್ತಿಗೆ ಊರು ತಲುಪಿ, ಬಸ್ ಸ್ಟ್ಯಾಂಡಿನ ಎದುರು ನಿಂತು ತೆಗೆಸಿಕೊಂಡ ಫೋಟೊ ಕಳಿಸಿದ್ದರು. ಬಿಳಿ ಅಂಗಿ, ಎರಡು ಕೈ ಜೋಡಿಸಿದ ನಗು. ಅಕ್ಕ ಅದನ್ನು ನೋಡಿ ಹೇಳಿದಳು: "ಆ ಅಂಗಿಗೆ ನೀಲಿ ಹಾಕಿದ್ದು ಜಾಸ್ತಿ ಆಯ್ತು."

ದೋಹಾದಲ್ಲೇ ಬಿನ್ ಒಮ್ರಾನಿನಲ್ಲಿ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಅಲ್ಲಿಗೆ ಹೋದಳು.

ಊರಿನಲ್ಲಿ ಏನಾಯಿತು ಎಂದರೆ, ನಾಮಪತ್ರ ಕೊಡಲು ಹೋದಾಗ ಭಾವನಿಗೆ ಒಂದು ಸಂಗತಿ ತಿಳಿಯಿತು. ಪಕ್ಷವಿಲ್ಲದೆ ನಿಲ್ಲುವವರಿಗೆ ಅದೇ ಕ್ಷೇತ್ರದ ಮತದಾರರು ಹತ್ತು ಮಂದಿ ಸೂಚಕರಾಗಿ ಸಹಿ ಹಾಕಬೇಕು. ಹತ್ತೇ ಹತ್ತು! ಭಾವ ನಕ್ಕುಬಿಟ್ಟರಂತೆ. ನಮ್ಮ ಮನೆಯ ಸಭೆಯಲ್ಲಿ ಎದ್ದ ಕೈಗಳು ಕಣ್ಣ ಮುಂದೆ ಇದ್ದವಲ್ಲ!

ಆದರೆ ಆ ಕೈಗಳೆಲ್ಲ ದೋಹಾದಲ್ಲಿದ್ದವು.

ಬೇಕರಿಯವರ ಮನೆಗೆ ಹೋದರೆ ಬೀಗ, ಅವರು ಕಿರಿಯ ಮಗಳ ಬಾಣಂತನಕ್ಕೆ ಕುವೈತಿನಲ್ಲಿ. ಶೆಟ್ಟರ ಮನೆ ನೋಡಿಕೊಳ್ಳುವವನ ವೋಟು ಗದಗದಲ್ಲಿ. ಶಾಲೆಯ ಬೆಂಚಿನಲ್ಲಿ ಜೊತೆಗಿದ್ದವರು ಒಬ್ಬರೂ ಊರಿನಲ್ಲಿ ಉಳಿದಿರಲಿಲ್ಲ. ಊರಿನಲ್ಲಿ ಉಳಿದವರಿಗೆ ಭಾವ ಯಾರೆಂದೇ ಗೊತ್ತಿರಲಿಲ್ಲ. ಭಾವನಿಗೆ ಅವರೂ ಗೊತ್ತಿರಲಿಲ್ಲ. ಪ್ರತಿ ವರ್ಷ ರಜೆಯಲ್ಲಿ ಬಂದು, ನಮ್ಮ ಹಾಗೆಯೇ ಗಲ್ಫಿನಿಂದ ಬಂದವರ ಮದುವೆಗಳಲ್ಲಿ ಗಲ್ಫಿನವರ ಹತ್ತಿರವೇ ಮಾತಾಡಿ ತಿರುಗಿ ವಿಮಾನ ಹತ್ತುವ ನಮಗೆ ಊರು ಎಂದರೆ ನಾವೇ ಅಲ್ಲವೇ? ಭಾವ ಪ್ರತಿನಿಧಿಸಲು ಹೊರಟ ಕ್ಷೇತ್ರ ಅರಬ್ಬೀ ಸಮುದ್ರದ ಈ ಕಡೆಗಿತ್ತು.

ಕೊನೆಗೆ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದ ಮಗಳಿಗೆ ಫೋನು ಮಾಡಿದರು. "ಬಾ ಮಗಾ, ಒಂದು ಸಹಿ ಬೇಕು."

"ನನ್ನ ಹೆಸರು ಮತದಾರರ ಪಟ್ಟಿಯಲ್ಲಿ ಇಲ್ಲ ಡ್ಯಾಡಿ."

"ಯಾಕಿಲ್ಲ? ಹದಿನೆಂಟು ಆಯ್ತಲ್ಲ?"

"ಸರಕಾರಕ್ಕೆ ನಮ್ಮ ಹೆಸರು ಯಾಕೆ ಕೊಡಬೇಕು ಅಂತ ನೀವೇ ಹೇಳಿದ್ದು."

ಆ ಮಗುವೇ ಬಂದು ಕೊನೆಯ ದಿನ ಅಪ್ಪನ ಜೊತೆ ಕಚೇರಿಯ ಹೊರಗೆ ನಿಂತಿತ್ತು. ಅವಳೇ ನನಗೆ ಇದನ್ನು ಹೇಳಿದ್ದು. ಸಹಿ ಇನ್ನೂ ಸಾಕಾಗಿರಲಿಲ್ಲ. ಮರದಡಿ ನಿಂತಿದ್ದ, ಬೇರೆ ಅಭ್ಯರ್ಥಿಯ ಕಡೆಯ ಒಬ್ಬ ಮನುಷ್ಯ ಹತ್ತಿರ ಬಂದನಂತೆ. "ಸರ್, ಸಹಿಗೆ ಜನ ನಾನು ತರ್ತೇನೆ, ಐದು ನಿಮಿಷ. ನೀವು ನಿಂತರೆ ಸಾಕು. ಎದುರು ಪಾರ್ಟಿಯ ನಾಲ್ಕು ವೋಟು ನಿಮ್ಮ ಕಡೆಗೆ ಒಡೆದು ಬಂದ್ರೂ ನಮ್ಮ ಸಾಹೇಬ್ರಿಗೆ ಉಪಕಾರ."

ಭಾವ ತುಂಬ ಹೊತ್ತು ಗಡಿಯಾರ ನೋಡಿದರಂತೆ. ಆಮೇಲೆ, "ನಾನು ಯಾರಿಗೂ ಉಪಕಾರ ಮಾಡಲು ಬಂದದ್ದಲ್ಲ" ಎಂದು ಹೇಳಿ, ಫೈಲು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರಂತೆ. ಕೇಳಿದಾಗ ನನಗೆ ಒಂದು ಗಳಿಗೆ ಹೆಮ್ಮೆಯಾಯಿತು. ಮರುಗಳಿಗೆ ಕಹಿಯಾಯಿತು. ಇಷ್ಟು ಶುದ್ಧವಾದ ಮನಸ್ಸಾಕ್ಷಿಯನ್ನು ಇಟ್ಟುಕೊಳ್ಳುವುದು ಸುಲಭ, ಅದರ ಬಾಡಿಗೆಯನ್ನು ಬೇರೆಯವರು ಕಟ್ಟುತ್ತಿರುವಾಗ.

ಚುನಾವಣೆ ಮುಗಿಯಿತು. ಯಾರೋ ಗೆದ್ದರು. ಭಾವ ಅರ್ಧ ಗೋಡೆಯ ಮನೆಯಲ್ಲಿ ಒಬ್ಬರೇ ಇದ್ದು, ಗಂಜಿ ಬೇಯಿಸಲು ಕಲಿತರಂತೆ. ದಿನಾ ರಾತ್ರಿ ಅಕ್ಕನಿಗೆ ಫೋನು ಮಾಡಿ ಹವಾಮಾನ ಹೇಳುತ್ತಿದ್ದರು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನೂ ಬನ್ನಿ ಎನ್ನಲಿಲ್ಲ. ಆಗ ನಾನು ಅಕ್ಕನಿಗೆ ಹೇಳಿದ್ದು ಇಷ್ಟೆ: "ಬಿಡು, ಅಲ್ಲೇ ಇರಲಿ. ಸ್ವತಂತ್ರವಾಗಿ." ಅಕ್ಕ ಮಕ್ಕಳ ಚಿತ್ರಗಳಿಗೆ ನಕ್ಷತ್ರ ಅಂಟಿಸುತ್ತಿದ್ದಳು. ಇನ್ನೊಂದು ನಕ್ಷತ್ರ ಅಂಟಿಸಿದಳು. ಕೆಲವು ವಾರಗಳ ನಂತರ ನನ್ನ ಗಂಡನನ್ನು ಕರೆದು, ತನ್ನ ಹೆಸರಿನಲ್ಲಿ ಗಂಡನಿಗೆ ವಿಸಿಟ್ ವೀಸಾ ಹಾಕುವುದು ಹೇಗೆಂದು ಕೇಳಿದಳು.

ಭಾವನನ್ನು ವಿಮಾನ ನಿಲ್ದಾಣದಿಂದ ನನ್ನ ಗಂಡ ಕರೆತಂದರು. ನಾನು ಬಿನ್ ಒಮ್ರಾನಿನಲ್ಲಿ ಅಕ್ಕನ ಜೊತೆ ಇದ್ದೆ. ಒಂದೆರಡು ಚುರುಕು ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ. ಮಾಜಿ ಅಭ್ಯರ್ಥಿಗಳೇ, ಬನ್ನಿ, ಹೆಂಡತಿಯ ಸ್ಪಾನ್ಸರ್‌ಶಿಪ್ಪಿಗೆ ಸ್ವಾಗತ, ಎಂದೆಲ್ಲ.

ಬಾಗಿಲು ತೆರೆದೇ ಇತ್ತು. ಭಾವ ಹೊಸ್ತಿಲಿನ ಹೊರಗೆ ನಿಂತರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು, ಎಲ್ಲಿ ಇಡಬೇಕೆಂದು ಗೊತ್ತಾಗದೆ. ಅಂಗಿಯ ಕಾಲರು ಅವರಿಗಿಂತ ದೊಡ್ಡದಾಗಿತ್ತು. ಒಂದೇ ಮಂಚ, ಒಂದೇ ಕುರ್ಚಿ, ಮೂಲೆಯ ಒಲೆ, ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತ ಅಕ್ಕ, ಎಲ್ಲವನ್ನೂ ನಿಧಾನವಾಗಿ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು.

"ನಾನು ಇಲ್ಲಿ ಇರಬಹುದಾ?"

ಅಕ್ಕ ಒಲೆ ಸಣ್ಣ ಮಾಡಿದಳು. ತಿರುಗಲಿಲ್ಲ. ಸೌಟು ಹಿಡಿದ ಅವಳ ಕೈ ಮಾತ್ರ ನನಗೆ ಕಾಣುತ್ತಿತ್ತು, ಅದು ನಿಂತಿತ್ತು.

"ಇನ್ನೊಂದು ಸಲ ಕೇಳಿ" ಎಂದಳು.

ಭಾವ ಚಪ್ಪಲಿ ಕೆಳಗಿಟ್ಟರು. ಅಕ್ಕನ ಹೆಸರು ಹಿಡಿದು ಕರೆದು, ಇನ್ನೊಂದು ಸಲ ಕೇಳಿದರು.